ಹೆಸರಿರುವ ಕಾಲೇಜೋ, ಮೆಚ್ಚಿದ ವಿಷಯವೋ?

ಪ್ರಶ್ನೆ: ನನ್ನ ಮಗಳಿಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು ಎಲ್ಲರೂ ಹೆಸರು ಕೇಳಿರುವ ಹಳೆಯ ಕಾಲೇಜು. ಆದರೆ ಅಲ್ಲಿ ಸಿಕ್ಕಿರುವುದು ಲೋಹಶಾಸ್ತ್ರ. ಇನ್ನೊಂದು ಸಾಧಾರಣ ಕಾಲೇಜು, ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಅವಳಿಗೆ ತುಂಬಾ ಇಷ್ಟವಾದ ಸಂಖ್ಯಾಶಾಸ್ತ್ರ ಸಿಗುತ್ತಿದೆ. ದೊಡ್ಡ ಕಾಲೇಜಿನ ಫೀಸು ಮೂರು ಪಟ್ಟು ಜಾಸ್ತಿ. ಸಾಲ ಮಾಡಲೇಬೇಕು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತುತ್ತಿರುವವಳು ಇವಳೇ ಮೊದಲು. ಯಾರನ್ನು ಕೇಳಿದರೂ "ಕಾಲೇಜಿನ ಹೆಸರು ನೋಡಿ ಕೆಲಸ ಕೊಡ್ತಾರೆ, ವಿಷಯ ಯಾವುದಾದರೇನು" ಅನ್ನುತ್ತಾರೆ. ಮಗಳು "ಇಷ್ಟ ಇಲ್ಲದ್ದನ್ನು ನಾಲ್ಕು ವರ್ಷ ಓದೋಕಾಗಲ್ಲ" ಅನ್ನುತ್ತಾಳೆ. ದೊಡ್ಡ ಕಾಲೇಜಿನವರು ತೋರಿಸಿದ ಸಂಬಳದ ಅಂಕಿ ನೋಡಿ ನನಗೂ ಆಸೆಯಾಗಿದೆ. ಈಗ ತಪ್ಪು ಮಾಡಿದರೆ ಜೀವನವಿಡೀ ಅವಳಿಗೆ ಅದರ ಪೆಟ್ಟು ಬೀಳುತ್ತದಾ?

— ಹೆಸರು ಹಾಕಬೇಡಿ ಎಂದ ಒಬ್ಬ ತಂದೆ

ಉತ್ತರ: ನಿಮ್ಮ ಪತ್ರದೊಳಗೆ ಮೂರು ಪ್ರಶ್ನೆಗಳಿವೆ. ಕಾಲೇಜಿನ ಹೆಸರಿಗೆ ಎಷ್ಟು ಬೆಲೆ? ಮನಸ್ಸಿಲ್ಲದ ವಿಷಯ ಓದಿದರೆ ಏನಾಗುತ್ತದೆ? ಅದಕ್ಕಾಗಿ ಸಾಲ ಮಾಡಬೇಕಾ? ನಿಮಗೆ ಸಲಹೆ ಕೊಟ್ಟವರು ಮೂರನ್ನೂ ಒಟ್ಟು ಮಾಡಿ ಒಂದೇ ಮಾತಲ್ಲಿ ಮುಗಿಸಿದ್ದಾರೆ. ಸ್ವಲ್ಪ ಬಿಡಿಸಿ ನೋಡೋಣ.

ಜೀವನವಿಡೀ ಪೆಟ್ಟು ಬೀಳುತ್ತದಾ ಅಂತ ಕೇಳಿದ್ದೀರಿ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಇಲ್ಲ. ಆದರೆ ಮೊದಲ ಕೆಲಸ ಹುಡುಕುವಾಗ ವ್ಯತ್ಯಾಸ ಕಾಣುತ್ತದೆ. ಅದು ಇಲ್ಲವೇ ಇಲ್ಲ ಅಂದರೆ ನಿಮಗೆ ಸುಳ್ಳು ಹೇಳಿದ ಹಾಗೆ.

ಕಂಪನಿಗಳಿಗೆ ಹೊಸಬರನ್ನು ಆರಿಸಿ ಕೊಡುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಈಗ ಓದು ಮತ್ತು ಕೆಲಸದ ಬಗ್ಗೆ ಸಲಹೆ ಕೊಡುತ್ತೇನೆ. ರೆಸ್ಯೂಮೆ ಆರಿಸುವವರ ಪಕ್ಕದಲ್ಲಿ ಕೂತು ನೋಡಿದ್ದನ್ನು ಮೊದಲು ಹೇಳುತ್ತೇನೆ.

ಹೆಸರು ಕೆಲಸ ಮಾಡುವುದು ಎಲ್ಲಿ

ಒಂದು ಹುದ್ದೆಗೆ ನೂರಾರು ಅರ್ಜಿ ಬರುತ್ತವೆ. ಅವನ್ನು ನೋಡುವವರು ಒಬ್ಬರೋ ಇಬ್ಬರೋ. ಆಗಷ್ಟೇ ಓದು ಮುಗಿಸಿದವರ ರೆಸ್ಯೂಮೆಯಲ್ಲಿ ನೋಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಅಂಕ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. "ಕಷ್ಟಪಟ್ಟು ದುಡಿಯುತ್ತೇನೆ, ಬೇಗ ಕಲಿಯುತ್ತೇನೆ" ಅಂತ ಎಲ್ಲರೂ ಬರೆದಿರುತ್ತಾರೆ. ಆಗ ಕಣ್ಣು ಕಾಲೇಜಿನ ಹೆಸರಿನ ಮೇಲೆ ನಿಲ್ಲುತ್ತದೆ. ಆ ಕಾಲೇಜಿಗೆ ಸೇರುವುದೇ ಕಷ್ಟ. ಅಂದರೆ ಅಲ್ಲೇ ಒಂದು ಜರಡಿ ಹಿಡಿದಾಗಿದೆ. ಅದರಲ್ಲಿ ಉಳಿದವರನ್ನು ಕರೆದರೆ ಕಂಪನಿಗೆ ಅರ್ಧ ಕೆಲಸ ಕಡಿಮೆ.

ಇದನ್ನು ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ವಿವರಿಸಿದ್ದರು. ಕೆಲಸ ಕೊಡುವವನಿಗೆ ಎದುರಿಗಿರುವವರ ಸಾಮರ್ಥ್ಯ ನೇರವಾಗಿ ಕಾಣುವುದಿಲ್ಲ. ಹಾಗಾಗಿ ಅವನು ಓದನ್ನು ಒಂದು ಗುರುತಾಗಿ ಬಳಸುತ್ತಾನೆ ಅನ್ನುವುದು ಅವರ ವಾದ. 2001ರಲ್ಲಿ ಅವರಿಗೆ ನೊಬೆಲ್ ಬಂತು. ನೀವು ಗಮನಿಸಬೇಕಾದದ್ದು ಇಷ್ಟೇ: ಗುರುತು ಬೇಕಾಗುವುದು ಬೇರೇನೂ ಗೊತ್ತಿಲ್ಲದಾಗ ಮಾತ್ರ.

ಕೆಲಸಕ್ಕೆ ಸೇರಿದ ಮೇಲೆ ಅವಳು ಹೇಗೆ ದುಡಿಯುತ್ತಾಳೆ ಅನ್ನುವುದು ದಿನವೂ ಕಣ್ಣೆದುರಿಗೆ ಇರುತ್ತದೆ. ಜೋಸೆಫ್ ಆಲ್ಟೋಂಜಿ ಮತ್ತು ಚಾರ್ಲ್ಸ್ ಪಿಯರೆ 2001ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಅನುಭವ ಹೆಚ್ಚಾದಂತೆ ಸಂಬಳದ ಮೇಲೆ ಕಾಗದದಲ್ಲಿ ಕಾಣುವ ಓದಿನ ಪ್ರಭಾವ ಇಳಿಯುತ್ತದೆ. ಮೊದಲು ಕಾಣದೆ ಇದ್ದ ಸಾಮರ್ಥ್ಯದ ಪ್ರಭಾವ ಏರುತ್ತದೆ. ನಾನು ನೋಡಿದ್ದೂ ಹಾಗೇ. ಐದಾರು ವರ್ಷ ಅನುಭವ ಇರುವವರ ಇಂಟರ್ವ್ಯೂನಲ್ಲಿ ಕಾಲೇಜಿನ ಮಾತು ಬಂದರೆ ಅದು ಹೆಚ್ಚಾಗಿ ಕುಶಲ ವಿಚಾರಿಸುವ ಹೊತ್ತಲ್ಲಿ. "ಹಿಂದಿನ ಕೆಲಸದಲ್ಲಿ ನೀನೇ ಏನು ಮಾಡಿದೆ" ಅನ್ನುವುದರ ಮೇಲೆ ಉಳಿದ ಮಾತೆಲ್ಲ.

ಇದಕ್ಕೆ ಅಪವಾದಗಳಿವೆ, ಅವನ್ನು ಮುಚ್ಚಿಡುವುದಿಲ್ಲ. ದೊಡ್ಡ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಕಂಪನಿಗಳು, ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು, ಮೇಲ್ಮಟ್ಟದ ಕಾನೂನು ಸಂಸ್ಥೆಗಳು ಬೆರಳೆಣಿಕೆಯ ಕಾಲೇಜುಗಳ ಬಾಗಿಲಲ್ಲೇ ನಿಂತಿರುತ್ತವೆ. ಬೇರೆ ಕಡೆಯವರ ಅರ್ಜಿ ಅಲ್ಲಿ ಮುಂದೆ ಹೋಗುವುದು ಅಪರೂಪ. ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗುವುದೂ ಹಾಗೇ. ಅಮೆರಿಕದ ನೇಮಕಗಳ ಬಗ್ಗೆ 2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಆ ದೇಶದಲ್ಲೇ ಪಿಎಚ್‌ಡಿ ಮಾಡಿದ ಅಧ್ಯಾಪಕರಲ್ಲಿ ಎಂಟರಲ್ಲಿ ಒಬ್ಬರು ಕೇವಲ ಐದು ವಿಶ್ವವಿದ್ಯಾಲಯಗಳಿಂದ ಬಂದವರು. ಅಲ್ಲಿ ಲೆಕ್ಕಕ್ಕೆ ಬರುವುದು ಕೊನೆಯ ಪದವಿ ಎಲ್ಲಿ ಅನ್ನುವುದು. ಮೊದಲ ಪದವಿಯ ಕಾಲೇಜು ಅಷ್ಟಾಗಿ ಬರುವುದಿಲ್ಲ.

ಹಾಗಾಗಿ "ಹೆಸರಿಗೆ ಬೆಲೆ ಇದೆಯಾ" ಅಂತ ಬರೀ ಅಷ್ಟು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕೆಲಸಕ್ಕೆ, ಎಷ್ಟನೇ ವರ್ಷದಲ್ಲಿ ಅಂತಲೂ ಸೇರಿಸಿ ಕೇಳಬೇಕು.

ಹೆಸರಿನಿಂದ ಸಂಬಳ ಹೆಚ್ಚುತ್ತದಾ?

ದೊಡ್ಡ ಕಾಲೇಜುಗಳಲ್ಲಿ ಓದಿದವರಿಗೆ ಸಂಬಳ ಜಾಸ್ತಿ. ಇದು ನಿಜ. ಆದರೆ ಅಲ್ಲಿ ಸೇರಿಕೊಂಡವರು ಮೊದಲೇ ಚುರುಕಾಗಿದ್ದವರು, ಅಲ್ವಾ? ಕಾಲೇಜು ಅವರನ್ನು ಹಾಗೆ ಮಾಡಿತೋ, ಹಾಗಿದ್ದವರನ್ನೇ ಆರಿಸಿಕೊಂಡಿತೋ?

ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅಮೆರಿಕದಲ್ಲಿ ಇದನ್ನು ಬಿಡಿಸಲು ಒಂದು ಜಾಣ ಉಪಾಯ ಹುಡುಕಿದರು. ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ಬಗೆಯ ಕಡೆ ಸೀಟು ಪಡೆದವರನ್ನು ಹೋಲಿಸಿದರು. ಅವರಲ್ಲಿ ಕೆಲವರು ದೊಡ್ಡ ಕಾಲೇಜಿಗೆ ಹೋಗಿದ್ದರು. ಕೆಲವರು ಅದನ್ನು ಬಿಟ್ಟು ಸಾಧಾರಣ ಕಾಲೇಜಿಗೆ ಹೋಗಿದ್ದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರಿಗೆ ನಂಬುವುದಕ್ಕೇ ಕಷ್ಟವಾಯಿತು. ಮುಂದೆ ಎರಡೂ ಗುಂಪಿನವರ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬುದ್ಧಿ ಮತ್ತು ಹಟ ಇರುವ ಹುಡುಗಿ ಎಲ್ಲಿ ಓದಿದರೂ ಹೆಚ್ಚುಕಡಿಮೆ ಅಷ್ಟೇ ದುಡಿಯುತ್ತಾಳೆ ಎಂದಾಯಿತು.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಸಮಾಧಾನವಾಗುತ್ತಿತ್ತು. ಬಹಳ ಸಲಹೆಗಾರರು ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ಆದರೆ ಅದೇ ಇಬ್ಬರು ಮುಂದೆ ಮಾಡಿದ ಅಧ್ಯಯನದಲ್ಲಿ ನಿಮ್ಮ ಮನೆಗೆ ತಾಗುವ ಒಂದು ಸಂಗತಿ ಇದೆ. ಸರಾಸರಿ ನೋಡಿದರೆ ಲಾಭವಿಲ್ಲ, ನಿಜ. ಆದರೆ ಕಪ್ಪು ಮತ್ತು ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ವಿದ್ಯಾರ್ಥಿಗಳಿಗೆ, ಅಪ್ಪ-ಅಮ್ಮ ಹೆಚ್ಚು ಓದಿಲ್ಲದ ಮನೆಯ ಮಕ್ಕಳಿಗೆ ದೊಡ್ಡ ಕಾಲೇಜಿನಿಂದ ಲಾಭ ಚೆನ್ನಾಗಿಯೇ ಕಂಡುಬಂತು.

ಕಾರಣ ಊಹಿಸುವುದು ಕಷ್ಟವಲ್ಲ. ಓದಿದವರ ಮನೆಯಲ್ಲಿ ಚಿಕ್ಕಪ್ಪನೋ ಅತ್ತೆಯೋ ಅಪ್ಪನ ಸ್ನೇಹಿತನೋ ಯಾವುದೋ ಕಂಪನಿಯಲ್ಲಿರುತ್ತಾರೆ. ಯಾವ ಕೆಲಸ ಎಲ್ಲಿದೆ, ಯಾರಿಗೆ ಬರೆಯಬೇಕು, ಇಂಟರ್ವ್ಯೂನಲ್ಲಿ ಏನು ಕೇಳುತ್ತಾರೆ ಎಲ್ಲವೂ ಊಟದ ಹೊತ್ತಿನ ಮಾತಲ್ಲೇ ಮಕ್ಕಳ ಕಿವಿಗೆ ಬೀಳುತ್ತದೆ. ನಿಮ್ಮ ಮಗಳಿಗೆ ಆ ಮಾತುಕತೆ ಮನೆಯಲ್ಲಿ ಸಿಗುವುದಿಲ್ಲ. ಅದನ್ನು ಕಾಲೇಜೇ ಕೊಡಬೇಕು. ದೊಡ್ಡ ಕಾಲೇಜಿನಲ್ಲಿ ಅದು ಸುಮ್ನೆ ಓಡಾಡಿಕೊಂಡಿದ್ದರೂ ಸಿಗುತ್ತದೆ. ಸಣ್ಣ ಕಾಲೇಜಿನಲ್ಲಿ ಹುಡುಕಿಕೊಂಡು ಹೋಗಬೇಕು.

ಹಾಗಂತ ದೊಡ್ಡ ಕಾಲೇಜು ಎಲ್ಲರಿಗೂ ಒಂದೇ ಸಮನಾಗಿ ಕೊಡುತ್ತದೆ ಅಂತಲೂ ಹೇಳುವ ಹಾಗಿಲ್ಲ. ಚಿಲಿ ದೇಶದ ಬಗ್ಗೆ ಸೇತ್ ಝಿಮ್ಮರ್‌ಮನ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತದ್ವಿರುದ್ಧ. ಅಲ್ಲಿನ ಅತಿ ಪ್ರತಿಷ್ಠಿತ ಕೋರ್ಸುಗಳಿಗೆ ಸೇರಿದವರು ಕಂಪನಿಗಳ ಮೇಲ್ಮಟ್ಟದ ಹುದ್ದೆಗೆ ಏರುವ ಸಾಧ್ಯತೆ ಹೆಚ್ಚಿತ್ತು. ಆದರೆ ಆ ಲಾಭವೆಲ್ಲ ದುಬಾರಿ ಖಾಸಗಿ ಶಾಲೆಗಳಿಂದ ಬಂದ ಹುಡುಗರ ಪಾಲಿಗೆ. ಹುಡುಗಿಯರಿಗೂ ಬೇರೆ ಶಾಲೆಯ ಮಕ್ಕಳಿಗೂ ಅದು ಸಿಕ್ಕಿರಲಿಲ್ಲ. ತರಗತಿ ಒಂದೇ ಆದರೂ ಶ್ರೀಮಂತ ಗುಂಪಿನೊಳಗೆ ಹೊಗುವುದು ಎಲ್ಲರಿಗೂ ಆಗಲಿಲ್ಲ. ಎರಡನ್ನೂ ಸೇರಿಸಿ ನೋಡಿದರೆ ನನಗೆ ಅನಿಸುವುದು ಇದು: ಒಳ್ಳೆಯ ಕೆಲಸದವರೆಗೆ ದೊಡ್ಡ ಕಾಲೇಜು ಮೊದಲ ತಲೆಮಾರಿನವರಿಗೆ ದಾರಿ ಮಾಡಿಕೊಡಬಲ್ಲದು. ತೀರಾ ತುತ್ತತುದಿಗೆ ಏರಿಸುವ ಗ್ಯಾರಂಟಿ ಅದರಲ್ಲಿಲ್ಲ.

ತುತ್ತತುದಿಯ ಮಾತು ಬಂದಿದ್ದರಿಂದ ಇನ್ನೊಂದು. ಅಮೆರಿಕದ 12 ಅತಿ ಪ್ರಸಿದ್ಧ ವಿಶ್ವವಿದ್ಯಾಲಯಗಳ ಬಗ್ಗೆ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರಲ್ಲಿ ಒಂದು ಅಧ್ಯಯನ ಹೊರತಂದರು. ಒಳ್ಳೆಯ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋದವರಿಗೆ ಹೋಲಿಸಿದರೆ, ಅಲ್ಲಿ ಓದಿದವರ ಸರಾಸರಿ ಸಂಪಾದನೆ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಆದಾಯದಲ್ಲಿ ಮೇಲಿನ ಶೇಕಡಾ 1ರ ಗುಂಪಿಗೆ ಸೇರುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟಾಯಿತು. ಪ್ರತಿಷ್ಠಿತ ಕಂಪನಿಗಳಲ್ಲಿ ಕೆಲಸ ಸಿಗುವ ಸಾಧ್ಯತೆ ಮೂರು ಪಟ್ಟಾಯಿತು. ಹೆಸರಿನ ಲಾಭ ಎಲ್ಲರಿಗೂ ಸ್ವಲ್ಪಸ್ವಲ್ಪ ಹಂಚಿಹೋಗುವುದಿಲ್ಲ. ಕೆಲವರಿಗೆ ತುಂಬಾ ಸಿಗುತ್ತದೆ, ಬಹಳ ಜನಕ್ಕೆ ಏನೂ ಇಲ್ಲ. ಮತ್ತೆ ಇದು ಜಗತ್ತೇ ಬಲ್ಲ 12 ಸಂಸ್ಥೆಗಳ ಮಾತು. ನಿಮ್ಮ ಸುತ್ತಲಿನವರಿಗೆಲ್ಲ ಗೊತ್ತಿರುವ ಕಾಲೇಜಿನ ಹೆಸರು ಹೊರಗಿನ ಕಂಪನಿಯ ಎಚ್‌ಆರ್‌ಗೆ ಗೊತ್ತಿರಬೇಕು ಅಂತೇನೂ ಇಲ್ಲ. ಇದನ್ನು ಬಹಳ ಮನೆಗಳಲ್ಲಿ ಯಾರೂ ಯೋಚಿಸುವುದೇ ಇಲ್ಲ.

ವಿಷಯದ ತೂಕ

"ವಿಷಯ ಯಾವುದಾದರೇನು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಮಗೆ ಬಂದ ಸಲಹೆಗಳಲ್ಲಿ ಅತಿ ದುಬಾರಿಯಾಗಬಹುದಾದದ್ದು ಇದೇ.

ನಾರ್ವೆಯಲ್ಲಿ ಕಾಲೇಜು ಸೀಟು ಹಂಚುವುದು ಒಂದೇ ಕೇಂದ್ರೀಯ ವ್ಯವಸ್ಥೆ. ವಿದ್ಯಾರ್ಥಿಗಳು ತಮ್ಮ ಆಯ್ಕೆಗಳನ್ನು ಒಂದರ ಕೆಳಗೊಂದು ಬರೆದು ಕೊಡುತ್ತಾರೆ. ಕಟಾಫ್ ಪ್ರಕಾರ ಸೀಟು ಸಿಗುತ್ತದೆ. ಕಟಾಫ್‌ಗಿಂತ ಕೂದಲೆಳೆ ಮೇಲಿದ್ದವರು, ಕೂದಲೆಳೆ ಕೆಳಗಿದ್ದವರು ಸಾಮರ್ಥ್ಯದಲ್ಲಿ ಒಂದೇ ಥರ. ಓದಿದ್ದು ಮಾತ್ರ ಬೇರೆ ಬೇರೆ. ಕಿರ್ಕೆಬೋನ್, ಲ್ಯೂವೆನ್, ಮೊಗ್‌ಸ್ಟಾಡ್ ಎಂಬ ಮೂವರು ಇಂಥವರ ಸಂಪಾದನೆಯನ್ನು ಹೋಲಿಸಿ 2016ರಲ್ಲಿ ಪ್ರಕಟಿಸಿದರು. ಸಂಸ್ಥೆ ಬದಲಾದಾಗ ಸಂಪಾದನೆ ಹೆಚ್ಚು ಬದಲಾಗಲಿಲ್ಲ. ವಿಷಯ ಬದಲಾದಾಗ ತುಂಬಾ ಬದಲಾಯಿತು. ಜೊತೆಗೆ, ಯಾವ ವಿಷಯ ತಮಗೆ ಹೊಂದುತ್ತದೋ ಅದನ್ನೇ ಮೇಲೆ ಬರೆಯುವ ಒಲವು ವಿದ್ಯಾರ್ಥಿಗಳಲ್ಲಿತ್ತು. ಅಂದರೆ ಮಕ್ಕಳ ಇಷ್ಟ ಅನ್ನುವುದು ಬರೀ ಹಟವಾಗಿರಬೇಕಿಲ್ಲ. ತಮ್ಮ ಕೈಗೆ ಯಾವುದು ಹತ್ತುತ್ತದೆ ಅನ್ನುವ ಅಂದಾಜೂ ಅದರಲ್ಲಿರುತ್ತದೆ.

ಲೋಹಶಾಸ್ತ್ರ ಕೀಳು ವಿಷಯ ಅಂತ ನಾನು ಹೇಳುತ್ತಿಲ್ಲ. ಉಕ್ಕಿನಿಂದ ಹಿಡಿದು ಬ್ಯಾಟರಿ, ವಿಮಾನದ ಎಂಜಿನ್‌ವರೆಗೆ ಅದರ ಕೆಲಸವಿದೆ. ಅದನ್ನು ಪ್ರೀತಿಸಿ ಓದುವವರಿಗೆ ಅದು ಚಿನ್ನ. ಆದರೆ ನಿಮ್ಮ ಮಗಳು ನಾಲ್ಕು ವರ್ಷ ಅದನ್ನು ಎಳೆದುಕೊಂಡು ಹೋಗಿ, ಕಡಿಮೆ ಅಂಕ ತೆಗೆದುಕೊಂಡು, ಕೊನೆಗೆ ಬೇರೆಯದೇ ಕೆಲಸ ಹುಡುಕುವ ಪರಿಸ್ಥಿತಿ ಬಂದರೆ? ಬಹಳ ಕಂಪನಿಗಳು ಇಂತಿಷ್ಟು ಅಂಕ ಇದ್ದವರನ್ನು ಮಾತ್ರ ಪರೀಕ್ಷೆಗೆ ಕೂರಿಸುತ್ತವೆ. ಆ ಗೆರೆ ದಾಟದವರಿಗೆ ಕಾಲೇಜಿನ ಹೆಸರು ಎಷ್ಟು ದೊಡ್ಡದಿದ್ದರೂ ಉಪಯೋಗವಿಲ್ಲ. ದೊಡ್ಡ ಕಾಲೇಜಿನಲ್ಲಿ ಬೇಡದ ಬ್ರಾಂಚು ಸೇರಿ ಹೀಗೆ ಹೊರಗುಳಿದವರನ್ನು ನಾನು ಕಂಡಿದ್ದೇನೆ. ಅವರ ರೆಸ್ಯೂಮೆ ನಮ್ಮ ಮೇಜಿನವರೆಗೆ ಬರುತ್ತಲೇ ಇರಲಿಲ್ಲ.

ಸಂಖ್ಯಾಶಾಸ್ತ್ರಕ್ಕೆ ಇನ್ನೊಂದು ಅನುಕೂಲವಿದೆ. ಅದರಲ್ಲಿ ನಿಮ್ಮ ಕೈಚಳಕವನ್ನು ಕಾಲೇಜಿನ ಹೆಸರಿಲ್ಲದೆಯೂ ತೋರಿಸಬಹುದು. ಅಂಕಿಅಂಶದ ಕೆಲಸಕ್ಕೆ ಬಳಸುವ ಆರ್, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗಳು ಎರಡೂ ಉಚಿತ. ಸರ್ಕಾರಗಳು, ವಿಶ್ವ ಬ್ಯಾಂಕ್‌ನಂಥ ಸಂಸ್ಥೆಗಳು ತಮ್ಮ ಅಂಕಿಅಂಶಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಲು ಇಟ್ಟಿವೆ. ಅದನ್ನು ಹಿಡಿದು ಒಂದು ಪ್ರಶ್ನೆಗೆ ಉತ್ತರ ಹುಡುಕಿ, ಮಾಡಿದ್ದನ್ನೆಲ್ಲ ಎಲ್ಲರಿಗೂ ಕಾಣುವಂತೆ ಇಂಟರ್ನೆಟ್‌ನಲ್ಲಿ ಹಾಕಿಟ್ಟರೆ ಆರಿಸುವವರ ಕಣ್ಣಿಗೆ ಬೀಳುತ್ತದೆ. ವಿಮಾ ಕಂಪನಿಗಳಿಗೆ ಬೇಕಾದ, ಅಪಾಯದ ಲೆಕ್ಕ ಹಾಕುವ ಆಕ್ಚುಯರಿ ಆಗಬೇಕಿದ್ದರೆ ವೃತ್ತಿ ಸಂಸ್ಥೆಗಳೇ ನಡೆಸುವ ಪರೀಕ್ಷೆಗಳಿವೆ. ಉತ್ತರ ಪತ್ರಿಕೆ ತಿದ್ದುವವರು ನೀವು ಯಾವ ಕಾಲೇಜು ಅಂತ ಕೇಳುವುದಿಲ್ಲ. ಲೋಹಶಾಸ್ತ್ರದಲ್ಲಿ ಪ್ರಯೋಗಾಲಯ, ಯಂತ್ರ, ಕುಲುಮೆ ಎಲ್ಲ ಬೇಕು. ಅಲ್ಲಿ ಕಾಲೇಜು ಎಂಥದು ಅನ್ನುವುದು ಕಲಿಕೆಯ ಮೇಲೇ ಜಾಸ್ತಿ ಪರಿಣಾಮ ಮಾಡುತ್ತದೆ.

ಆ ಸಂಬಳದ ಅಂಕಿ

ನಿಮಗೆ ಆಸೆ ಹುಟ್ಟಿಸಿದ ಅಂಕಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. "ಅತಿ ಹೆಚ್ಚಿನ ಪ್ಯಾಕೇಜ್" ಅಂದರೆ ಒಬ್ಬರ ಕಥೆ. ಅದು ನಿಮ್ಮ ಮಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. "ಸರಾಸರಿ" ಕೂಡ ದಾರಿ ತಪ್ಪಿಸಬಹುದು. ಹತ್ತು ಜನರಲ್ಲಿ ಒಂಬತ್ತು ಮಂದಿಗೆ ತಲಾ 30, ಒಬ್ಬರಿಗೆ 300 ಸಿಕ್ಕಿತು ಅಂತಿಟ್ಟುಕೊಳ್ಳಿ. ಸರಾಸರಿ 57 ಬರುತ್ತದೆ. ಆದರೆ 57 ಸಿಕ್ಕಿದವರು ಯಾರೂ ಇಲ್ಲ! ಮೀಡಿಯನ್ ಕೇಳಿ. ಎಲ್ಲರ ಸಂಬಳ ಸಾಲಾಗಿ ಇಟ್ಟರೆ ನಡುವೆ ಬರುವುದು ಅದು, ಇಲ್ಲಿ 30. ಸಂಖ್ಯಾಶಾಸ್ತ್ರ ಓದಬೇಕೆನ್ನುವ ಮಗಳಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ, ಅವಳನ್ನೇ ಕೇಳಿ.

ಇನ್ನೂ ಕೆಲವು ಜಾಣತನಗಳಿವೆ. "ಶೇಕಡಾ 95 ಪ್ಲೇಸ್‌ಮೆಂಟ್" ಅಂದರೆ ಯಾರಲ್ಲಿ 95? ಒಟ್ಟು ವಿದ್ಯಾರ್ಥಿಗಳಲ್ಲೋ, ಹೆಸರು ನೋಂದಾಯಿಸಿದವರಲ್ಲೋ, ಅಂಕದ ಗೆರೆ ದಾಟಿದವರಲ್ಲೋ? ಒಬ್ಬರಿಗೇ ಎರಡು ಆಫರ್ ಬಂದರೆ ಎರಡು ಅಂತ ಎಣಿಸಿದ್ದಾರಾ? ಪ್ಯಾಕೇಜಿನೊಳಗೆ ಒಂದೇ ಸಲ ಕೊಡುವ ಬೋನಸ್ಸು, ಕೆಲವು ವರ್ಷ ಕಾದರೆ ಮಾತ್ರ ಸಿಗುವ ಷೇರು ಸೇರಿದೆಯಾ? ಎಲ್ಲಕ್ಕಿಂತ ಮುಖ್ಯವಾಗಿ, ಆ ಅಂಕಿ ಇಡೀ ಕಾಲೇಜಿನದೋ, ಲೋಹಶಾಸ್ತ್ರದವರದೋ? ಕಂಪ್ಯೂಟರ್ ವಿಭಾಗದ ಸಂಬಳ ತೋರಿಸಿ ಉಳಿದ ಬ್ರಾಂಚುಗಳ ಸೀಟು ತುಂಬಿಸುವುದು ನನ್ನ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು.

ರ‍್ಯಾಂಕಿಂಗ್ ಪಟ್ಟಿಗಳ ಬಗ್ಗೆಯೂ ಒಂದು ಮಾತು. 2022ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಮೈಕೆಲ್ ಥಾಡಿಯಸ್, ತಮ್ಮದೇ ಸಂಸ್ಥೆ ಕೊಟ್ಟ ತರಗತಿಯ ಗಾತ್ರ ಮುಂತಾದ ಅಂಕಿಗಳು ಸರಿಯಿಲ್ಲ ಅಂತ ಬಹಿರಂಗವಾಗಿ ತೋರಿಸಿದರು. ಕೆಲವು ಅಂಕಿಗಳು ತಪ್ಪಾಗಿದ್ದವು ಅಂತ ವಿಶ್ವವಿದ್ಯಾಲಯವೂ ಆಮೇಲೆ ಒಪ್ಪಿಕೊಂಡಿತು. ಒಂದು ಪ್ರಮುಖ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿದ್ದದ್ದು ಅದೇ ವರ್ಷ 18ಕ್ಕೆ ಇಳಿಯಿತು. ಕಲಿಸುವ ಮೇಷ್ಟ್ರು ಅವರೇ, ಕಟ್ಟಡ ಅದೇ, ಮಕ್ಕಳೂ ಅವರೇ. ಪಟ್ಟಿಯನ್ನು ಪೂರ್ತಿ ಬಿಟ್ಟುಬಿಡಿ ಅನ್ನುವುದಿಲ್ಲ. ಅಕ್ಕಪಕ್ಕದ ಹತ್ತಿಪ್ಪತ್ತು ಸ್ಥಾನಗಳ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸಾಲ

ಸಾಲ ಬರೀ ದುಡ್ಡಿನ ಹೊರೆಯಾಗಿ ಉಳಿಯುವುದಿಲ್ಲ. ಮುಂದಿನ ಆಯ್ಕೆಗಳನ್ನೂ ಕಿರಿದಾಗಿಸುತ್ತದೆ. ಜೆಸ್ಸಿ ರೋಥ್‌ಸ್ಟೀನ್ ಮತ್ತು ಸೆಸಿಲಿಯಾ ರೌಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ಒಂದು ಪ್ರತಿಷ್ಠಿತ ವಿಶ್ವವಿದ್ಯಾಲಯ ಸಾಲದ ಬದಲು ಸಹಾಯಧನ ಕೊಡಲು ಶುರು ಮಾಡಿತ್ತು. ಅದಕ್ಕೆ ಮುಂಚಿನವರನ್ನೂ ನಂತರದವರನ್ನೂ ಹೋಲಿಸಿದರು. ಸಾಲ ಇದ್ದವರು ಮೊದಲ ದಿನದಿಂದಲೇ ಹೆಚ್ಚು ಸಂಬಳ ಕೊಡುವ ಕೆಲಸದ ಕಡೆ ವಾಲುತ್ತಿದ್ದರು. ಕಡಿಮೆ ಸಂಬಳದ, ಆದರೆ ಮನಸ್ಸಿಗೆ ಹಿಡಿಸುವ ಕೆಲಸಗಳನ್ನು ಬಿಡುತ್ತಿದ್ದರು.

ನಿಮ್ಮ ಮಗಳ ವಿಷಯಕ್ಕೆ ಇದನ್ನು ತಂದರೆ ಹೀಗಾಗುತ್ತದೆ. ಓದು ಮುಗಿದ ಮೇಲೆ ಸಂಬಳ ಕಡಿಮೆಯಾದರೂ ಕಲಿಯಲು ಸಿಗುವ ಕೆಲಸ ಒಂದು ಬರಬಹುದು. ಕಂತು ಕಟ್ಟಬೇಕಾದವಳು ಅದನ್ನು ಬಿಡುತ್ತಾಳೆ. ಎರಡು ವರ್ಷ ಮೇಲೆ ಓದುವ ಆಸೆ ಹುಟ್ಟಬಹುದು. ಅದನ್ನೂ ಮುಂದೂಡುತ್ತಾಳೆ. ಸಲಹೆಗಾರರು ಬಳಸುವ ಒಂದು ಸರಳ ಅಂದಾಜು ಇದೆ: ಓದು ಮುಗಿಯುವ ಹೊತ್ತಿಗೆ ಒಟ್ಟು ಸಾಲ ಮೊದಲ ವರ್ಷದ ಸಂಬಳವನ್ನು ಮೀರಬಾರದು. ಇಲ್ಲಿ ಸಂಬಳ ಅಂದರೆ ಆ ಬ್ರಾಂಚಿನ ಮೀಡಿಯನ್. ಜಾಹೀರಾತಿನ ಅಂಕಿ ಇಟ್ಟುಕೊಂಡು ಲೆಕ್ಕ ಹಾಕಬೇಡಿ. ಇನ್ನೊಂದು ವಿಷಯ ನಮ್ಮ ಕೈಯಲ್ಲೇ ಇಲ್ಲ. ಓದು ಮುಗಿಯುವ ವರ್ಷ ಮಾರುಕಟ್ಟೆ ಬಿದ್ದಿದ್ದರೆ? ಕೆನಡಾದ ಪದವೀಧರರ ಬಗ್ಗೆ 2012ರಲ್ಲಿ ಬಂದ ಅಧ್ಯಯನದ ಪ್ರಕಾರ, ಆರ್ಥಿಕ ಕುಸಿತದಲ್ಲಿ ಹೊರಬಂದವರ ಸಂಪಾದನೆ ಶುರುವಿನಲ್ಲಿ ಸುಮಾರು ಶೇಕಡಾ 9 ಕಡಿಮೆ ಇತ್ತು. ಆ ಕೊರತೆ ತುಂಬಲು ಹತ್ತು ವರ್ಷದವರೆಗೆ ಹಿಡಿಯಿತು. ಅದರಿಂದ ಬೇಗ ಚೇತರಿಸಿಕೊಂಡವರು ಒಳ್ಳೆಯ ಕಂಪನಿಗಳಿಗೆ ಕೆಲಸ ಬದಲಿಸುತ್ತಾ ಹೋದವರು. ತಲೆ ಮೇಲೆ ಸಾಲ ಇದ್ದರೆ ಹಾಗೆ ಬದಲಿಸುವ ಧೈರ್ಯ ಬರುವುದು ಕಷ್ಟ.

ನಿಮ್ಮ ಮುಂದಿರುವ ದಾರಿಗಳು

ದೊಡ್ಡ ಕಾಲೇಜಿಗೆ ಸೇರಿ, ಅಲ್ಲಿಂದ ವಿಷಯ ಬದಲಿಸಿಕೊಳ್ಳುವುದು ಒಂದು ದಾರಿ. ಕೆಲವು ಕಡೆ ಒಂದು ವರ್ಷದ ನಂತರ ಬ್ರಾಂಚ್ ಬದಲಿಸಲು ಬಿಡುತ್ತಾರೆ. ಕೆಲವು ಕಡೆ ಮುಖ್ಯ ವಿಷಯದ ಜೊತೆ ಸಂಖ್ಯಾಶಾಸ್ತ್ರವನ್ನು ಪೂರಕ ವಿಷಯವಾಗಿ ಓದಬಹುದು. ಕೇಳುವಾಗ "ಅವಕಾಶ ಇದೆಯಾ" ಅಂತ ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. "ಕಳೆದ ವರ್ಷ ಎಷ್ಟು ಜನ ಕೇಳಿದರು, ಎಷ್ಟು ಜನಕ್ಕೆ ಸಿಕ್ಕಿತು" ಅಂತ ಕೇಳಿ. ಅಪಾಯ ಏನೆಂದರೆ, ಬದಲಾವಣೆ ಸಿಗದೆ ಹೋದರೆ ಇಷ್ಟವಿಲ್ಲದ ವಿಷಯ ಮತ್ತು ಸಾಲ ಎರಡೂ ಅವಳ ಜೊತೆ ಉಳಿಯುತ್ತವೆ.

ಸಣ್ಣ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿ ಅಲ್ಲಿಂದಲೇ ಕೆಲಸ ಹುಡುಕುವುದು ಇನ್ನೊಂದು. ಇಲ್ಲಿನ ಅಪಾಯ ಬೇರೆ. ಕ್ಯಾಂಪಸ್ಸಿಗೆ ದೊಡ್ಡ ಕಂಪನಿಗಳು ಬರಲಿಕ್ಕಿಲ್ಲ. ಇದು ಗೊತ್ತಿದ್ದೂ ಕೊನೆಯ ವರ್ಷದವರೆಗೆ ಕೈಕಟ್ಟಿ ಕೂತರೆ ನಿಮಗೆ ಸಲಹೆ ಕೊಟ್ಟವರ ಮಾತೇ ನಿಜವಾಗುತ್ತದೆ. ಎರಡನೇ ವರ್ಷದಿಂದಲೇ ಇಂಟರ್ನ್‌ಶಿಪ್ ಹುಡುಕಬೇಕು. ಕಾಲೇಜಿನ ಹಳೆ ವಿದ್ಯಾರ್ಥಿಗಳು ಎಲ್ಲೆಲ್ಲಿದ್ದಾರೆ ಅಂತ ಲಿಂಕ್ಡ್‌ಇನ್ ಎಂಬ ಉದ್ಯೋಗ ಸಂಪರ್ಕದ ಜಾಲತಾಣದಲ್ಲಿ ನೋಡಿ ಅವರಿಗೆ ಬರೆಯಬೇಕು. ಪರಿಚಯವೇ ಇಲ್ಲದವರಿಗೆ ಬರೆಯುವುದಾ ಅಂತ ಮಕ್ಕಳು ಹಿಂಜರಿಯುತ್ತಾರೆ. ಆದರೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ ಹಾಗೆ, ಜನರಿಗೆ ಕೆಲಸದ ಸುಳಿವು ಸಿಗುವುದು ಆಪ್ತರಿಗಿಂತ ದೂರದ ಪರಿಚಯದವರಿಂದಲೇ ಜಾಸ್ತಿ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ ಅಲ್ವಾ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗವೂ 2022ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ಮನೆಯಲ್ಲಿ ಸಿಗದ ಆ ಮಾತುಕತೆಯನ್ನು ಅವಳು ಹೀಗೆ ಕಟ್ಟಿಕೊಳ್ಳಬಹುದು. ಸುಲಭ ಅಂತ ಹೇಳುತ್ತಿಲ್ಲ. ಬರೆದ ಹತ್ತು ಜನರಲ್ಲಿ ಇಬ್ಬರು ಉತ್ತರ ಕೊಟ್ಟರೆ ಅದೇ ಹೆಚ್ಚು.

ಮೂರನೆಯದು ನನಗೆ ಹೆಚ್ಚು ಹಿಡಿಸುವ ದಾರಿ. ಮೊದಲ ಪದವಿ ಸಣ್ಣ ಕಾಲೇಜಿನಲ್ಲಿ, ಕಡಿಮೆ ಖರ್ಚಿನಲ್ಲಿ, ಇಷ್ಟದ ವಿಷಯದಲ್ಲಿ. ಆಮೇಲೆ ಸ್ನಾತಕೋತ್ತರ ಪದವಿ ಹೆಸರಿರುವ ಕಡೆ. ಮೇಲಿನ ಓದಿಗೆ ಸೇರಿಸಿಕೊಳ್ಳುವಾಗ ನೋಡುವುದು ಅಂಕ, ಪ್ರವೇಶ ಪರೀಕ್ಷೆ, ಮಾಡಿದ ಪ್ರಾಜೆಕ್ಟು, ಮೇಷ್ಟ್ರ ಶಿಫಾರಸು ಪತ್ರ. ಸಣ್ಣ ಕಾಲೇಜಿನಲ್ಲಿ ತರಗತಿಗೆ ಮೊದಲಿಗಳಾದ ಹುಡುಗಿಯ ಬಗ್ಗೆ ಮೇಷ್ಟ್ರು ಬರೆಯುವ ಪತ್ರಕ್ಕೆ ಒಳ್ಳೆಯ ತೂಕ ಇರುತ್ತದೆ. ಅಪಾಯ? ಎರಡು ವರ್ಷ ಹೆಚ್ಚು ಓದಬೇಕು. ಅಂಕ ಬೀಳಬಾರದು. ಸಣ್ಣ ಕಾಲೇಜಿನ ಪಾಠ ಹಗುರವಾಗಿದ್ದರೆ ಅವಳೇ ಮನೆಯಲ್ಲಿ ಹೆಚ್ಚು ಓದಬೇಕು.

ಒಂದು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಬರೆಯುವುದನ್ನು ನೀವು ಕೇಳಿಲ್ಲ. ಅದನ್ನು ನಾನೂ ಸೂಚಿಸುವುದಿಲ್ಲ. ಕೈಯಲ್ಲಿ ಇಷ್ಟದ ವಿಷಯದ ಸೀಟು ಇರುವಾಗ ಅದರ ಅಗತ್ಯ ಕಾಣುವುದಿಲ್ಲ.

ಸಣ್ಣ ಕಾಲೇಜು ಅಂದಾಗ ಒಂದು ಎಚ್ಚರಿಕೆ ಇದೆ. ಮಾನ್ಯತೆ ಇದೆಯಾ ಅಂತ ಮೊದಲು ನೋಡಿ. ಕಾಲೇಜಿನವರ ಬಾಯಿಮಾತು ಸಾಲದು, ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲೇ ಹೆಸರು ಹುಡುಕಿ. ಮಾನ್ಯತೆ ಇಲ್ಲದ ಪದವಿ ಮೇಲಿನ ಓದಿಗೂ ಸರ್ಕಾರಿ ಕೆಲಸಕ್ಕೂ ಅಡ್ಡ ಬರುತ್ತದೆ. ಅದು ಇಲ್ಲದಿದ್ದರೆ ನಾನು ಹೇಳಿದ ಎರಡನೇ, ಮೂರನೇ ದಾರಿ ಎರಡೂ ಮುಚ್ಚಿದ ಹಾಗೆ.

ಮಾನ್ಯತೆ ಇದ್ದರೆ, ಒಂದು ದಿನ ಮಗಳನ್ನು ಕರೆದುಕೊಂಡು ಸಣ್ಣ ಕಾಲೇಜಿಗೆ ಹೋಗಿ ಬನ್ನಿ. ಕಟ್ಟಡ ನೋಡಬೇಡಿ. ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ ಅಂತ ಕೇಳಿ. ಕೊನೆಯ ವರ್ಷದ ಮಕ್ಕಳನ್ನು ಮಾತಾಡಿಸಿ. "ನಿಮ್ಮನ್ನು ಹೆಸರು ಹಿಡಿದು ಕರೆಯುವ ಮೇಷ್ಟ್ರು ಇದ್ದಾರಾ" ಅಂತ ಕೇಳಿ. ಇದು ಸಣ್ಣ ವಿಷಯ ಅನಿಸಬಹುದು. 2014ರಲ್ಲಿ ಗ್ಯಾಲಪ್ ಸಂಸ್ಥೆ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯ ಅಮೆರಿಕದ 30,000ಕ್ಕೂ ಹೆಚ್ಚು ಪದವೀಧರರನ್ನು ಮಾತಾಡಿಸಿದವು. ತಮ್ಮ ಬಗ್ಗೆ ಕಾಳಜಿ ತೋರಿದ, ಹುರಿದುಂಬಿಸಿದ ಅಧ್ಯಾಪಕರು ಸಿಕ್ಕವರು ಮುಂದೆ ಕೆಲಸದಲ್ಲಿ ಮನಸ್ಸಿಟ್ಟು ತೊಡಗಿಕೊಳ್ಳುವ ಸಾಧ್ಯತೆ ಎರಡು ಪಟ್ಟಿತ್ತು. ಕಾಲೇಜು ಪ್ರತಿಷ್ಠಿತವೋ ಸಾಧಾರಣವೋ ಅನ್ನುವುದು ಅಷ್ಟು ವ್ಯತ್ಯಾಸ ಮಾಡಿರಲಿಲ್ಲ. ಇದು ಸಮೀಕ್ಷೆ, ಕಾರಣ ಇದೇ ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೂ ನನ್ನ ಅನುಭವಕ್ಕೆ ಹೊಂದುತ್ತದೆ.

ನನ್ನ ಮನಸ್ಸು ಎತ್ತ ಅಂತ ನಿಮಗೆ ಗೊತ್ತಾಗಿರಬೇಕು. ನೀವು ಬರೆದಷ್ಟನ್ನೇ ನೋಡಿದರೆ ಸಂಖ್ಯಾಶಾಸ್ತ್ರದ ಕಡೆ. ಎರಡೂ ಕಡೆ ಒಂದೇ ವಿಷಯ, ಫೀಸಿನ ವ್ಯತ್ಯಾಸವೂ ಕಡಿಮೆ ಅಂತಾಗಿದ್ದರೆ ಯೋಚನೆಯೇ ಮಾಡದೆ ದೊಡ್ಡ ಕಾಲೇಜು ಅನ್ನುತ್ತಿದ್ದೆ, ಅದರಲ್ಲೂ ನಿಮ್ಮ ಮನೆಯ ಪರಿಸ್ಥಿತಿಗೆ. ಹಾಗಾಗಿ ಸೀಟು ಬಿಡುವ ಮುಂಚೆ ದೊಡ್ಡ ಕಾಲೇಜಿಗೆ ಒಂದು ಇಮೇಲ್ ಬರೆಯಿರಿ. ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಬರುತ್ತಿರುವವರಿಗೆ ಫೀಸು ರಿಯಾಯಿತಿಯೋ ವಿದ್ಯಾರ್ಥಿವೇತನವೋ ಇದೆಯಾ, ಕಳೆದ ವರ್ಷ ಲೋಹಶಾಸ್ತ್ರದಿಂದ ಎಷ್ಟು ಜನ ಬ್ರಾಂಚ್ ಬದಲಿಸಿದರು ಅಂತ ಎರಡೇ ಪ್ರಶ್ನೆ ಕೇಳಿ. ಬಹಳ ಅಪ್ಪಂದಿರು ಸಂಕೋಚದಿಂದ ಇದನ್ನು ಕೇಳುವುದೇ ಇಲ್ಲ. ಸಾಲದ ಮೊತ್ತ ಅರ್ಧಕ್ಕಿಂತ ಕೆಳಗಿಳಿದು, ಬದಲಾವಣೆಯೂ ನಿಜಕ್ಕೂ ಆಗುತ್ತದೆ ಅಂತ ಬರಹದಲ್ಲಿ ಉತ್ತರ ಬಂದರೆ ನನಗೆ ಮತ್ತೆ ಬರೆಯಿರಿ. ಆಗ ಲೆಕ್ಕವನ್ನು ಹೊಸದಾಗಿ ಹಾಕೋಣ.